ಬಲಾಬಲ ಪರೀಕ್ಷೆ

ಮನುಷ್ಯನ ಬಲವನ್ನು ಅವನ ಮೈಕಟ್ಟು ನೋಡಿ ನಿರ್ಣಯಿಸಬಾರದೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯನಿಗೊಂದು ಎಚ್ಚರಿಕೆಯುಂಟು. ದೊಡ್ಡ ಮೈಯವನು ದುರ್ಬಲನಾಗಿರಬಹುದು, ಕೃಶನಾದವನು ಬಲಶಾಲಿಯಾಗಿರಬಹುದು, ಇರುವೆ ತನ್ನ ಮೈಗೆ ಮೀರಿದ ಹೊರೆಯನ್ನು ಹೊರುವುದನ್ನು ನಾವೆಲ್ಲರೂ ಕಂಡಿದ್ದೇವಷ್ಟೆ. ಆದಕಾರಣ ಬಲವನ್ನು ಅವನು ಮಾಡಬಲ್ಲ ಕೆಲಸದಿಂದ ಪರೀಕ್ಷಿಸಿ ತಿಳಿಯಬೇಕೆಂಬುದು ಆಚಾರ್ಯರ ಅಭಿಪ್ರಾಯ. ಪುಸ್ತಕದಲ್ಲಿ ಓದಿದ್ದ ಈ ಮಾತಿನ ಪ್ರಯೋಜನ ನಮ್ಮ ಮನೆಯಲ್ಲಿಯೇ ಕಾಣಬೇಕಾಗಿ ಬಂದುದು ಈಚಿನ ಮೂರು ವರ್ಷಗಳಲ್ಲಿ.

ನಮ್ಮ ಮನೆಯಿರುವುದು ಬೆಂಗಳೂರಿನ ಪಶ್ಚಿಮ ಭಾಗದ ಅನ್ನಪೂರ್ಣೇಶ್ವರಿ ನಗರದಲ್ಲಿ. ಕೆಳಗೆ ನಾವು, ಮಹಡಿಯ ಮೇಲೆ ನಮ್ಮ ತಂಗಿಯ ಸಂಸಾರ. ತಂಗಿಯ ಮಗನಿಗೆ ಈಗ 29 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಮಾಡುವ ಕೆಲಸಕ್ಕೆ ಸೇರಿದವನು. ಅವನ 26ನೆಯ ವಯಸ್ಸಿನಲ್ಲಿ ಎಡಗಾಲಿನ ಚಪ್ಪಲಿ ನಡೆಯುವಾಗ ತಾನಾಗಿ ಜಾರಿಹೋಗತೊಡಗಿತು. ಕಾಲುದಾರಿಯ ಕಲ್ಲುಚಪ್ಪಡಿಗಳ ಅಂಚಿಗೆ ಹೆಬ್ಬೆರಳು ತಗುಲಿ ಮುಗ್ಗರಿಸುವನು. ರಾತ್ರಿಯ ಪಾಳಿ ಮುಗಿಸಿ ಬಂದು ಮಹಡಿಯಲ್ಲಿ ನಡೆದಾಡಿದರೆ ಒಂದು ಹೆಜ್ಜೆ ಮೆಲ್ಲಗೆ, ಮತ್ತೊಂದು ಟಪ್ಪೆಂದು, ಕೆಳಗೆ ಮಲಗಿದ್ದ ನಮಗೆ ಕೇಳಿಸುವುದು. ತೊಡೆಗಳು ಮಾತ್ರ ಗರಡಿಯಾಳಿನ ತೊಡೆಗಳಂತೆ ತುಂಬಿಕೊಂಡೇ ಇದ್ದುವು. ಅದನ್ನು ನೋಡಿದ ನೆಂಟರು, ಇಂಥವನಿಗೆ ಏನು ರೋಗ, ಕೆಲಸಕ್ಕೆ ಬೇಸರಪಟ್ಟುಕೊಂಡಿದ್ದಾನೆ ಎಂದರು. ಮೊದಲು ತೋರಿಸಿದ ವೈದ್ಯರೊಬ್ಬರು ಬೆನ್ನುಮೂಳೆಯ ಬಿಲ್ಲೆ ಜಾರಿ ನರವನ್ನು ಒತ್ತಿದೆಯೆಂದು ಹೇಳಿ ಸೊಂಟಕ್ಕೆ ಪಟ್ಟಿ ಕಟ್ಟಿಸಿದರು. ಆ ಪಟ್ಟಿಯಲ್ಲಿ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ಬಲಗಾಲಿನ ಚಪ್ಪಲಿಯೂ ಜಾರತೊಡಗಿತು.

ಹಾಗೆ ನಾವು ಅವನನ್ನು ಕರೆದುಕೊಂಡು ನಾಯಂಡಹಳ್ಳಿಯ ಮಾರ್ಗವಾಗಿ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಹೋದೆವು. ಹುಚ್ಚಾಸ್ಪತ್ರೆಯೆಂದು ಹಳೆಯ ಬೆಂಗಳೂರಿಗರು ಕರೆಯುತ್ತಿದ್ದ ಸಂಸ್ಥೆಯೂ 1954ರಲ್ಲಿ ಆರಂಭವಾದ ಮಾನಸಿಕ ಆರೋಗ್ಯದ ಅಖಿಲ ಭಾರತ ಸಂಸ್ಥೆಯೂ 1974ರಲ್ಲಿ ಒಂದಾಗಿ ಈ ಹೆಸರು ಬಂದುದು. ಅಲ್ಲಿ ಮನೋರೋಗಗಳಿಗೆ ಮಾತ್ರವಲ್ಲದೆ ನರಗಳ ಮತ್ತು ಮಾಂಸಖಂಡಗಳ ರೋಗಗಳಿಗೂ ಚಿಕಿತ್ಸೆಯುಂಟೆಂಬುದನ್ನು ತಿಳಿಯದೆ ಅಂಜುವವರು ಇಂದಿಗೂ ಇದ್ದಾರೆ. ನಮ್ಮ ತಂಗಿಯೇ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತುಬಿಟ್ಟಳು.

ರೋಗದ ಹೆಸರು ಜಿ.ಎನ್.ಇ. ಮಯೋಪತಿ. ರಕ್ತದ ವಂಶವಾಹಿ ಪರೀಕ್ಷೆಯಿಂದ ಅದು ನಿಶ್ಚಯವಾಯಿತು. ಜಪಾನಿನ ನೊನಾಕ ಎಂಬ ವೈದ್ಯರು 1981ರಲ್ಲಿಯೂ, ಇಸ್ರೇಲಿನ ಅರ್ಗೋವ್ ಮತ್ತು ಯಾರೋಮ್ ಎಂಬುವರು ಇರಾನಿನಿಂದ ಬಂದ ಯಹೂದ್ಯ ಕುಟುಂಬಗಳಲ್ಲಿ 1984ರಲ್ಲಿಯೂ ಇದನ್ನು ಬೇರೆಬೇರೆಯಾಗಿ ವರ್ಣಿಸಿದರು. ಎರಡೂ ಒಂದೇ ರೋಗವೆಂಬುದು ಅದರ ವಂಶವಾಹಿ 2001ರಲ್ಲಿ ಪತ್ತೆಯಾದ ಮೇಲೆ ಸ್ಪಷ್ಟವಾಯಿತು. ನಮ್ಮ ದೇಶದಲ್ಲಿಯೂ ಇದು ಅಪರೂಪವಾಗಿ ಉಂಟು. ನಿಮ್ಹಾನ್ಸಿನ ಡಾಕ್ಟರ್ ನಳಿನಿಯವರೂ ಅವರ ಸಹೋದ್ಯೋಗಿಗಳೂ ಇಂಥ 23 ಮಂದಿಯ ರೋಗಲಕ್ಷಣಗಳನ್ನು 2010ರಲ್ಲಿಯೇ ಪ್ರಕಟಿಸಿದ್ದಾರೆ. ಶರೀರವು ತನಗೆ ಬೇಕಾದ ಸಿಯಾಲಿಕ್ ಆಮ್ಲವೆಂಬ ಪದಾರ್ಥವನ್ನು ತಾನೇ ತಯಾರಿಸಿಕೊಳ್ಳಲು ಒಂದು ಕಿಣ್ವ ಬೇಕು. ಆ ಕಿಣ್ವದ ಸೂತ್ರದಲ್ಲಿ ದೋಷವಿರುವುದರಿಂದ ಕಾಲಕ್ರಮದಲ್ಲಿ ಮಾಂಸಖಂಡಗಳು ಕ್ಷಯಿಸುತ್ತವೆ. ಸ್ವೀಡನ್ನಿನ ಬ್ಲಿಕ್ಸ್ ಎಂಬುವರು 1936ರಲ್ಲಿ ಈ ಆಮ್ಲವನ್ನು ಮೊದಲು ಬೇರ್ಪಡಿಸಿದುದು ಲಾಲಾರಸದಿಂದ. ಗ್ರೀಕರ ಭಾಷೆಯಲ್ಲಿ ಎಂಜಲಿಗೆ ಸಿಯಾಲೋನ್ ಎಂದು ಹೆಸರಿರುವುದರಿಂದ ಸಿಯಾಲಿಕ್ ಎಂದಾಯಿತು.

ವಾಚಕರಿಗೆ ಇಲ್ಲಿ ಒಂದು ಶಬ್ದದ ಮಾತನ್ನು ಹೇಳದೆ ಮುಂದೆ ಹೋಗಲು ನಮ್ಮ ಹಳೆಯ ಉದ್ಯೋಗ ಬಿಡದು. ಕನ್ನಡದಲ್ಲಿ ಈಗ ಎಲ್ಲರೂ ಸ್ನಾಯು ಎನ್ನುವುದನ್ನು ಸುಶ್ರುತನು ಪೇಶಿ ಎನ್ನುತ್ತಾನೆ. ಅವನ ಲೆಕ್ಕದಲ್ಲಿ ಸ್ನಾಯುಗಳು 900. ಅವು ಸಂಧಿಗಳನ್ನು ಹಗ್ಗದಂತೆ ಬಿಗಿಯುವ ಕಟ್ಟುಗಳು. ಪೇಶಿಗಳು 500, ಅವುಗಳಲ್ಲಿ 400 ಕೈಕಾಲುಗಳಲ್ಲಿಯೇ ಇವೆ. ಇಂಗ್ಲಿಷರ ಮಸಲ್ ಎಂಬ ಶಬ್ದಕ್ಕೆ ಲ್ಯಾಟಿನ್ನಿನಲ್ಲಿ ಚಿಕ್ಕ ಇಲಿಯೆಂದು ಅರ್ಥ. ತೋಳನ್ನು ಮಡಿಸಿದಾಗ ಚರ್ಮದಡಿಯಲ್ಲಿ ಇಲಿ ಓಡಿದಂತೆ ಕಾಣುವುದಷ್ಟೆ. ನಮ್ಮ ಮೂಷಿಕ ಶಬ್ದವೂ ಅದರ ಬಂಧುವೇ.

ಇನ್ನು ಪರೀಕ್ಷೆಯ ವಿಷಯ. ಮೊದಲನೆಯದು ಕೈಯಿಂದ ಮಾಡುವುದು. ಫಿಸಿಯೋಥೆರಪಿಯ ಹುಡುಗಿಯೊಬ್ಬಳು, ನಮ್ಮ ಶಾಲೆಯಲ್ಲಿ ಓದಿದ್ದರೆ ಕೊನೆಯ ತಂಡದಲ್ಲಿ ಓದಿರಬಹುದಾದ ವಯಸ್ಸಿನವಳು, ಅವನನ್ನು ಮಂಚದ ಮೇಲೆ ಕೂರಿಸಿ, ಮಲಗಿಸಿ, ಮಗ್ಗುಲಾಗಿಸಿ ಒಂದೊಂದೇ ಕೀಲನ್ನು ಆಡಿಸಲು ಹೇಳಿದಳು. “ಪಾದವನ್ನು ನಿಮ್ಮ ಕಡೆಗೆ ಎತ್ತಿ, ನಾನು ಕೆಳಗೆ ಒತ್ತುತ್ತೇನೆ, ಬಿಡಬೇಡಿ” ಎನ್ನುವಳು. ಕಾಗದದ ಮೇಲೆ ಒಂದು ಅಂಕವನ್ನು ಬರೆಯುವಳು. ಈ ಅಂಕಗಳು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯವು. ಎರಡನೆಯ ಮಹಾಯುದ್ಧದಲ್ಲಿ ನರಗಳು ತುಂಡಾದ ಸಿಪಾಯಿಗಳನ್ನು ಪರೀಕ್ಷಿಸುವುದಕ್ಕಾಗಿ 1943ರಲ್ಲಿ ಪ್ರಕಟವಾದುವು. ಮಾಂಸಖಂಡದಲ್ಲಿ ಯಾವ ಮಿಡುಕೂ ಇಲ್ಲದಿದ್ದರೆ 0, ಮಿಡುಕಿದ್ದು ಅಂಗ ಚಲಿಸದಿದ್ದರೆ 1, ಭಾರವನ್ನು ಎತ್ತಬೇಕಾಗಿಲ್ಲದಂತೆ ಅಡ್ಡವಾಗಿಟ್ಟಾಗ ಮಾತ್ರ ಚಲಿಸಿದರೆ 2, ಭೂಮಿಯ ಸೆಳೆತವನ್ನು ಮೀರಿ ಎತ್ತಿದರೆ 3, ಅದರ ಮೇಲೆ ಪರೀಕ್ಷಕನ ಕೈಯ ಒತ್ತಡವನ್ನೂ ಸ್ವಲ್ಪ ತಡೆದರೆ 4, ಪೂರ್ಣಬಲಕ್ಕೆ 5. ಸಾಮಗ್ರಿ ಏನೂ ಬೇಡ, ಹಳ್ಳಿಯ ಆಸ್ಪತ್ರೆಯಲ್ಲಿಯೂ ಮಾಡಬಹುದು.

ನಮ್ಮ ಹುಡುಗನಿಗೆ ಇದು ಸರಿಬೀಳಲಿಲ್ಲ. ಕಬ್ಬಿಣದ ಕಡ್ಡಿಯನ್ನು ಮಿಲಿಮೀಟರಿನ ನೂರನೆಯ ಒಂದು ಭಾಗದವರೆಗೆ ಅಳೆಯುವ ಕೈ ಅವನದು.

“ಮಾವ, ಎಡಗಾಲಿಗೆ ಎರಡು, ಬಲಗಾಲಿಗೆ ನಾಲ್ಕು ಅಂತ ಬರೆದಿದ್ದಾರೆ. ನಾಲ್ಕು ಎಂದರೆ ಎಷ್ಟು?” ಎಂದು ನಮ್ಮನ್ನು ಕೇಳಿದನು.

ಪ್ರಶ್ನೆ ಯುಕ್ತವಾದುದೇ. ಮೂರಕ್ಕಿಂತ ಸ್ವಲ್ಪ ಹೆಚ್ಚಾದುದೂ ನಾಲ್ಕು, ಐದಕ್ಕೆ ಕೂದಲೆಳೆಯಷ್ಟು ಕಡಮೆಯಾದುದೂ ನಾಲ್ಕು. ಮನುಷ್ಯನ ಬಲದ ಬಹುಪಾಲು ಈ ಒಂದೇ ಅಂಕದ ಹೊಟ್ಟೆಯಲ್ಲಿ ಅಡಗಿಹೋಗುತ್ತದೆ. ವರ್ಷವರ್ಷವೂ ಬಲ ಇಳಿಯುತ್ತಿದ್ದರೂ ಕಾಗದದ ಮೇಲೆ ನಾಲ್ಕು ನಾಲ್ಕಾಗಿಯೇ ಇರಬಹುದು. ನಾವೂ ಬಹುಕಾಲ ಮಕ್ಕಳಿಗೆ ಅಂಕ ಕೊಟ್ಟವರು; ಒಂದೇ ದರ್ಜೆಯಲ್ಲಿ ತೇರ್ಗಡೆಯಾದ ಇಬ್ಬರ ನಡುವೆ ಎಷ್ಟು ಅಂತರವಿರಬಲ್ಲುದೆಂಬುದನ್ನು ಬಲ್ಲೆವು.

ಇದಕ್ಕಾಗಿಯೇ ಅಂಗೈಯಲ್ಲಿ ಹಿಡಿಯುವ ಬಲಮಾಪಕವೊಂದುಂಟು. ಅದನ್ನು ರೋಗಿಯ ಪಾದದ ಮೇಲೋ ಮೊಣಕಾಲಿನ ಕೆಳಗೋ ಇಟ್ಟು ಪರೀಕ್ಷಕಿ ಅಲುಗದಂತೆ ಹಿಡಿಯುವಳು. ಅವನು ತನ್ನ ಶಕ್ತಿಯನ್ನೆಲ್ಲ ಹಾಕಿ ತಳ್ಳಬೇಕು. ಎಷ್ಟು ಕಿಲೋಗ್ರಾಮಿನ ಒತ್ತಡವೆಂಬುದನ್ನು ಯಂತ್ರವೇ ತೋರಿಸುವುದು. ಹೀಗೆ ಮೂರು ಸಲ. ಬಲಪಾದವನ್ನು ಮೇಲೆತ್ತುವ ಶಕ್ತಿ 11 ಕಿಲೋ ಎಂದು ಬಂದಿತು. ಆಗ ಅವನ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಾಣಿಸಿತು. ಅಂಕ ಒಳ್ಳೆಯದಾಗಿದ್ದುದರಿಂದಲ್ಲ, ಅದು ಅಂಕವಾಗಿದ್ದುದರಿಂದ. ಆದರೂ ಇದಕ್ಕೂ ದೋಷಗಳಿವೆ. ರಾತ್ರಿ ನಿದ್ರೆಗೆಟ್ಟವನು ಬೆಳಗ್ಗೆ ಕಡಮೆ ತಳ್ಳುವನು. ಪರೀಕ್ಷಕಿ “ಇನ್ನೂ, ಇನ್ನೂ” ಎಂದು ಹುರಿದುಂಬಿಸಿದರೆ ಹೆಚ್ಚು ಬರುವುದು. ರೋಗಿಯೇ ಪರೀಕ್ಷಕಿಗಿಂತ ಬಲಿಷ್ಠನಾದರೆ ಯಂತ್ರ ತೋರಿಸುವುದು ಅವಳ ಬಲವನ್ನು! ಅವನ ಮೊಣಕಾಲನ್ನು ನೀಡಿಸುವ ಪರೀಕ್ಷೆಯಲ್ಲಿ ಹಾಗೆಯೇ ಆಯಿತು. ಅವಳು ಹಿಂದಕ್ಕೆ ಸರಿದು ನಕ್ಕಳು.

ಆಮೇಲೆ ನಡೆಯುವ ಪರೀಕ್ಷೆ. ಮೊಗಸಾಲೆಯಲ್ಲಿ ಎರಡು ಗುರುತುಗಳನ್ನಿಟ್ಟು ಅವುಗಳ ನಡುವೆ ಹಿಂದಕ್ಕೂ ಮುಂದಕ್ಕೂ ಆರು ನಿಮಿಷ ನಡೆದು ಎಷ್ಟು ದೂರ ಕ್ರಮಿಸುವನೆಂದು ಬರೆದುಕೊಂಡರು. 380 ಮೀಟರ್ ಆಯಿತು. ನೆಲದಿಂದ ಏಳುವುದು, ಹಿಮ್ಮಡಿಯ ಮೇಲೆ ನಡೆಯುವುದು ಇವೂ ಇದ್ದುವು. ಹಿಮ್ಮಡಿಯ ಮೇಲೆ ಒಂದು ಹೆಜ್ಜೆಯನ್ನೂ ಇಡಲಾರದೆ ಹೋದನು. ಆಚಾರ್ಯರು ಹೇಳಿದ ಕರ್ಮಶಕ್ತಿಯೆಂದರೆ ಇದೇ.

ಕೈಯಿಂದ ಆದುದು ಇಷ್ಟು. ಆದರೆ ಪಾದ ಏಳದಿರುವುದಕ್ಕೆ ಕಾರಣ ನರವೋ, ಮಾಂಸವೋ, ಯಾವ ಮಾಂಸವೋ ಎಂಬುದನ್ನು ಹೊರಗಿನ ಕೈ ಪೂರ್ತಿಯಾಗಿ ಹೇಳಲಾರದು. ಒಂದು ಪೇಶಿ ಸೋತರೆ ಪಕ್ಕದ್ದು ಅದರ ಕೆಲಸವನ್ನು ಮೆಲ್ಲನೆ ವಹಿಸಿಕೊಳ್ಳುವುದು. ಕೂಡುಕುಟುಂಬದಲ್ಲಿ ಒಬ್ಬನ ಅಶಕ್ತಿ ಬಹುದಿನ ಹೊರಗೆ ಕಾಣಿಸದಿರುವಂತೆ. ಒಳಗನ್ನು ನೋಡಲೇಬೇಕು. ಸುಶ್ರುತನು ಇದಕ್ಕೆ ಹೇಳಿದ ಉಪಾಯ ಪ್ರಸಿದ್ಧವಾದುದು: ಹೆಣವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ತರುವಾಯ ಲಾವಂಚದ ಬೇರು ಮುಂತಾದುವುಗಳ ಕುಂಚದಿಂದ ಮೆಲ್ಲಮೆಲ್ಲನೆ ತಿಕ್ಕಿ ಒಂದೊಂದು ಪದರವನ್ನೂ ಕಣ್ಣಾರೆ ಕಾಣಬೇಕು. ಬದುಕಿರುವವನಲ್ಲಿ ಅದನ್ನು ಕಾಣುವ ಉಪಾಯ ಬಂದುದು ನಮ್ಮ ಕಾಲದಲ್ಲಿ.

ಎಂ.ಆರ್.ಐ. ಎಂಬ ಆ ಯಂತ್ರ ಒಂದು ದೊಡ್ಡ ಅಯಸ್ಕಾಂತ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಯಂತ್ರದ ಆಕರ್ಷಣ ಭೂಮಿಯ ಅಯಸ್ಕಾಂತಶಕ್ತಿಯ 30,000 ಪಾಲಿಗೂ ಮಿಗಿಲು. ಹುಡುಗನ ಉಂಗುರ, ಉಡಿದಾರದ ತಾಯಿತ, ಕೈಗಡಿಯಾರ ಎಲ್ಲವನ್ನೂ ತೆಗೆಯಿಸಿ ನಮ್ಮ ಕೈಗೆ ಕೊಟ್ಟರು. ಶರೀರದ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಇರುವ ಜಲಜನಕದ ಕಣಗಳನ್ನು ಆ ಶಕ್ತಿಯಿಂದ ಒಂದು ದಿಕ್ಕಿಗೆ ನಿಲ್ಲಿಸಿ, ರೇಡಿಯೋ ತರಂಗದಿಂದ ಕದಲಿಸಿ, ಅವು ಮತ್ತೆ ಸ್ವಸ್ಥಾನಕ್ಕೆ ಬರುವಾಗ ಹೊರಡುವ ಕ್ಷೀಣವಾದ ಸಂಕೇತವನ್ನು ಹಿಡಿದು ಚಿತ್ರ ಬರೆಯುತ್ತಾರೆ. ಎಕ್ಸರೆಯ ಕಿರಣ ಇದರಲ್ಲಿ ಇಲ್ಲ. 1977ರಲ್ಲಿ ಡಮೇಡಿಯನ್ ಎಂಬ ವೈದ್ಯರು ಅಮೆರಿಕದಲ್ಲಿ ಮೊದಲ ಬಾರಿ ಮನುಷ್ಯನ ಎದೆಯ ಚಿತ್ರವನ್ನು ಹೀಗೆ ತೆಗೆದಾಗ ಐದು ಗಂಟೆಗಳಷ್ಟು ಹೊತ್ತು ಹಿಡಿಯಿತು. ನಮ್ಮವನು ಮುಕ್ಕಾಲು ಗಂಟೆ ಅಲುಗದೆ ಮಲಗಿದ್ದನು. ಕಾರ್ಖಾನೆಯಲ್ಲಿ ತಗಡು ಬಡಿಯುವ ಶಬ್ದವೇ ಇದಕ್ಕಿಂತ ಮೇಲು ಎಂದು ಹೊರಗೆ ಬಂದು ಹೇಳಿದನು.

ಚಿತ್ರವನ್ನು ವೈದ್ಯರು ನಮಗೆ ಸಾವಧಾನವಾಗಿ ವಿವರಿಸಿದರು. ಕಾಲನ್ನು ಬಾಳೆದಿಂಡಿನಂತೆ ಅಡ್ಡಲಾಗಿ ಕೊಯ್ದು ನೋಡಿದರೆ ಹೇಗೋ ಹಾಗೆ, ಬಿಲ್ಲೆಬಿಲ್ಲೆಯಾಗಿ. ಮಾಂಸ ಬೂದು ಬಣ್ಣ, ಕೊಬ್ಬು ಬಿಳುಪು. ಆರೋಗ್ಯವಂತನ ಕಾಲಿನಲ್ಲಿ ಚರ್ಮದಡಿಯ ಕೊಬ್ಬಿನ ತೆಳುವಾದ ಬಿಳಿಯ ಬಳೆಯೊಳಗೆ ಎಲ್ಲವೂ ಬೂದಾಗಿರಬೇಕು. ಇವನ ಎಡ ಕಣಕಾಲಿನ ಮುಂಭಾಗ, ಪಾದವನ್ನೆತ್ತುವ ಪೇಶಿಯಿರಬೇಕಾದ ಜಾಗ, ಬಹುಮಟ್ಟಿಗೆ ಬೆಳ್ಳಗಾಗಿದ್ದಿತು. ಮಾಂಸದ ಎಳೆ ಸತ್ತಲ್ಲಿ ಕೊಬ್ಬು ಬಂದು ಕೂರುವುದು, ಉಳುವವರಿಲ್ಲದ ಹೊಲದಲ್ಲಿ ಗರಿಕೆ ಹಬ್ಬುವಂತೆ. ಆದುದರಿಂದಲೇ ಹೊರಗಿನ ಗಾತ್ರ ಬೇಗ ಕುಗ್ಗುವುದಿಲ್ಲ. ತೊಡೆಯ ಹಿಂಭಾಗದ ಪೇಶಿಗಳಲ್ಲಿಯೂ ಬಿಳಿಯ ಎಳೆಗಳು ಕಾಣಿಸಿದುವು. ಅವನು ಅಲ್ಲಿಯವರೆಗೆ ಅಲ್ಲಿ ಏನೂ ತೊಂದರೆಯಿಲ್ಲವೆಂದೇ ಹೇಳುತ್ತಿದ್ದನು. ಕೈಗೆ ತಿಳಿಯುವ ಮುನ್ನ ಚಿತ್ರಕ್ಕೆ ತಿಳಿದಿದ್ದಿತು.

ಆದರೆ ತೊಡೆಯ ಮುಂಭಾಗ! ಮೊಣಕಾಲನ್ನು ನೀಡುವ, ಏಳುವಾಗ ಮೈಯ ಭಾರವನ್ನೆಲ್ಲ ಹೊರುವ ನಾಲ್ಕು ಶಿರಸ್ಸಿನ ಆ ಮಹಾಪೇಶಿ ಒಂದು ಬಿಳಿಯ ಗೆರೆಯೂ ಇಲ್ಲದೆ, ಒಕ್ಕಲು ಬಿಟ್ಟುಹೋದ ಊರಿನಲ್ಲಿ ಕದಲದೆ ನಿಂತ ಕಲ್ಲುಗುಡಿಯಂತೆ ಬೂದಾಗಿದ್ದಿತು. ಈ ರೋಗದ ವಿಶೇಷವೇ ಅದು: ಅಕ್ಕಪಕ್ಕದುವೆಲ್ಲ ಸವೆದರೂ ಇದು ಬಹುಕಾಲ ಉಳಿಯುತ್ತದೆ. ಬೇರೆ ಮಾಂಸರೋಗಗಳಲ್ಲಿ ಹೀಗೆ ಉಳಿಯುವುದು ಅಪೂರ್ವವಾದುದರಿಂದ ಈ ಚಿತ್ರವನ್ನು ನೋಡಿದ ತಜ್ಞರಿಗೆ ರೋಗದ ಹೆಸರೇ ಹೊಳೆಯುವುದಂತೆ. ಯಾಕೆ ಉಳಿಯುತ್ತದೆಂಬುದಕ್ಕೆ ವೈದ್ಯರಿಂದ ನಿಶ್ಚಿತವಾದ ಉತ್ತರ ದೊರೆಯಲಿಲ್ಲ. ನೆಂಟರು ನೋಡಿ ಆಡಿಕೊಂಡ ಆ ತುಂಬಿದ ತೊಡೆಗಳು ಸುಳ್ಳನ್ನೇನೂ ಹೇಳುತ್ತಿರಲಿಲ್ಲ. ಆದರೆ ತಮ್ಮ ವಿಷಯವನ್ನಷ್ಟೇ ಹೇಳುತ್ತಿದ್ದುವು.

ಹಿಂದಿರುಗುವಾಗ ಕಾರಿನಲ್ಲಿ ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮಾವ, ಔಷಧವಿಲ್ಲ ಅಂದರು. ಪ್ರತಿವರ್ಷ ಬಂದು ಅಳೆಸಿಕೊಳ್ಳಿ ಅಂದರು. ಇಳಿಯುವುದು ಗೊತ್ತೇ ಇರುವಾಗ ಅಳೆಯುವುದೇಕೆ?” ಎಂದನು. ನಾವು ಆಗ ಏನನ್ನೂ ಹೇಳದೆ ಸುಮ್ಮನೆ ಅವನ ತಾಯಿತವನ್ನು ಕೊಟ್ಟೆವು. ಈಗ ನಮಗೆ ತೋರುವುದನ್ನು ಬರೆಯುತ್ತೇವೆ.

ಅಳೆಯದೆ ಔಷಧವೂ ಬರಲಾರದು. ಇಲ್ಲದ ಸಿಯಾಲಿಕ್ ಆಮ್ಲವನ್ನೇ ಮಾತ್ರೆಯಾಗಿ ಕೊಟ್ಟರೆ ಹೇಗೆಂದು ಹೊರದೇಶಗಳಲ್ಲಿ ಪ್ರಯೋಗ ನಡೆಯಿತು. 89 ಮಂದಿ, 48 ವಾರ. ತೋಳುಗಳ ಬಲವನ್ನು ಇದೇ ಬಗೆಯ ಬಲಮಾಪಕದಿಂದ ಅಳೆದರು. ಮಾತ್ರೆ ತೆಗೆದುಕೊಂಡವರಿಗೂ ಬರಿಯ ಹುಸಿಮಾತ್ರೆ ತೆಗೆದುಕೊಂಡವರಿಗೂ ಗಮನಾರ್ಹವಾದ ಭೇದ ಕಾಣಲಿಲ್ಲವೆಂದು 2017ರಲ್ಲಿ ತಿಳಿಯಬಂದಿತು. ಆ ಔಷಧದ ಪ್ರಯತ್ನವನ್ನು ಆ ಕಂಪನಿ ಕೈಬಿಟ್ಟಿತು. ಜಪಾನಿನಲ್ಲಿ ವೈದ್ಯರು ಬಿಡದೆ ತಮ್ಮಲ್ಲಿ ಪ್ರಯೋಗ ನಡೆಸಿದರು. ಅಲ್ಲಿನ ಸರಕಾರ 2024ರಲ್ಲಿ ಅದೇ ಪದಾರ್ಥಕ್ಕೆ ಅನುಮತಿಯಿತ್ತಿತು. ಒಂದೇ ಔಷಧದ ಮೇಲೆ ಎರಡು ತೀರ್ಪು. ಹತ್ತಿಪ್ಪತ್ತು ವರ್ಷ ಹಿಡಿದು ಸವೆಸುವ ರೋಗವನ್ನು ಒಂದು ವರ್ಷದೊಳಗೆ ಅಳೆದು ತೀರ್ಪು ಹೇಳುವುದು ಎಷ್ಟು ಕಷ್ಟವೆಂದು ಇದರಿಂದ ಊಹಿಸಬಹುದು. ಆದುದರಿಂದಲೇ ಈಗ ಚಿತ್ರದಲ್ಲಿಯೂ ಅಂಕವನ್ನು ಹುಡುಕುತ್ತಾರೆ: 1984ರಲ್ಲಿ ಡಿಕ್ಸನ್ ಎಂಬುವರು ತೋರಿಸಿದ ಕ್ರಮದಿಂದ ನೀರಿನ ಸಂಕೇತವನ್ನೂ ಕೊಬ್ಬಿನ ಸಂಕೇತವನ್ನೂ ಬೇರ್ಪಡಿಸಿ, ಈ ಪೇಶಿಯಲ್ಲಿ ನೂರಕ್ಕೆ ಇಷ್ಟು ಕೊಬ್ಬು ಎಂದು ಲೆಕ್ಕ ಹಾಕಬಹುದು. ಅದಕ್ಕೆ ರೋಗಿಯ ಉತ್ಸಾಹ ಬೇಡ, ನಿದ್ರೆ ಬೇಡ, ಪರೀಕ್ಷಕಿಯ ತೋಳ್ಬಲ ಬೇಡ. ಆದರೆ ಚಿತ್ರಕ್ಕೆ ಮೆಟ್ಟಿಲು ಹತ್ತಲು ಬಾರದು. ಯಾವ ಹೆಜ್ಜೆ ಉಳಿದಿದೆಯೆಂಬುದನ್ನು ಕೈಯ ಪರೀಕ್ಷೆಯೇ ಹೇಳಬೇಕು. ಒಂದು ಕರ್ಮವನ್ನು ಅಳೆಯುವುದು, ಇನ್ನೊಂದು ದ್ರವ್ಯವನ್ನು.

ನಮ್ಮ ಮನೆಯ ಮಟ್ಟಿಗಾದರೆ ಅದರ ಪ್ರಯೋಜನ ಇನ್ನೂ ಹತ್ತಿರದ್ದು. ಏನು ಹೋಯಿತೆಂಬುದರ ಜೊತೆಗೆ ಏನು ಉಳಿದಿದೆಯೆಂಬುದೂ ತಿಳಿಯಿತು. ಸೊಂಟದ ಪಟ್ಟಿ ಮೂಲೆ ಸೇರಿತು. ಪಾದ ಜೋಲದಂತೆ ಬೂಟಿನೊಳಗೆ ಇಡುವ ಹಗುರವಾದ ಪ್ಲಾಸ್ಟಿಕ್ಕಿನ ಆಸರೆಯನ್ನು ಅಳತೆಗೆ ಮಾಡಿಸಿದೆವು. ಮುಗ್ಗರಿಸುವುದು ಅಂದಿನಿಂದ ಬಹಳ ಕಡಮೆಯಾಯಿತು. ಬಲ ಬರಲೆಂದು ಸ್ನೇಹಿತನೊಬ್ಬನು ಗರಡಿಗೆ ಸೇರಿಸಿದ್ದನು. ಸವೆಯುತ್ತಿರುವ ಪೇಶಿಗಳನ್ನು ದಣಿಸಬಾರದೆಂದು ಫಿಸಿಯೋಥೆರಪಿಯವರು ಅದನ್ನು ಬಿಡಿಸಿ ಹಿತಮಿತವಾದ ಅಭ್ಯಾಸವನ್ನು ಗೊತ್ತುಮಾಡಿದರು. ತೊಡೆಯ ಮುಂಭಾಗ ಗಟ್ಟಿಯಿರುವುದರಿಂದ ನಿಲ್ಲುವುದು ಇನ್ನೂ ಸಾಧ್ಯ. ಭಾರ ಹೊತ್ತು ನಡೆಯುವುದು ಬೇಡ. ಈ ಕಾಗದವನ್ನು ಕಾರ್ಖಾನೆಯಲ್ಲಿ ತೋರಿಸಿದ ಮೇಲೆ ಅವರು ಅವನನ್ನು ಲೇತಿನಿಂದ ತಯಾರಾದ ಸಾಮಾನುಗಳನ್ನು ತಪಾಸಣೆ ಮಾಡುವ ಮೇಜಿಗೆ ಬದಲಾಯಿಸಿದರು. ಈಗ ದಿನವಿಡೀ ಕುಳಿತು ಅಳೆಯುವುದೇ ಅವನ ಉದ್ಯೋಗ. ಮನೆಯಲ್ಲಿ ನಾವು ಮಹಡಿಗೆ ಹೋದೆವು, ತಂಗಿಯವರು ಕೆಳಕ್ಕೆ ಬಂದರು. ಎರಡು ವರ್ಷದ ತರುವಾಯ ಈ ಸಲ ಬಲಪಾದದ ಲೆಕ್ಕ 11ರಿಂದ 9ಕ್ಕೆ ಇಳಿದಿದೆ. ತೊಡೆಯ ಗುಡಿ ಹಾಗೆಯೇ ನಿಂತಿದೆ.

ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ಮೊದಲ ದಿನವೇ ವೈದ್ಯರು ನಮ್ಮ ವಂಶವೃಕ್ಷವನ್ನು ಕಾಗದದ ಮೇಲೆ ಬರೆದುಕೊಂಡರು: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ಒಂದು ಗೆರೆ, ರಕ್ತಸಂಬಂಧದಲ್ಲಿ ಮದುವೆಯಾದರೆ ಎರಡು ಗೆರೆ. ನಮ್ಮ ತಂಗಿಯನ್ನು ಕೊಟ್ಟುದು ಸೋದರತ್ತೆಯ ಮಗನಿಗೆ. ಅಲ್ಲಿ ಎರಡು ಗೆರೆ ಬಿದ್ದಿತು. ಸೋದರಿಕೆಯ ಈ ಪದ್ಧತಿಯನ್ನು ದಾಕ್ಷಿಣಾತ್ಯರ ಐದು ವಿಶೇಷಾಚಾರಗಳಲ್ಲಿ ಸೇರಿಸಿ ಬೌಧಾಯನನು ಹೇಳಿದ್ದಾನೆ, ಅಷ್ಟು ಹಳೆಯದು. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಮದುವೆಗಳನ್ನು ಪರಿಶೀಲಿಸಿದವರು ಸುಮಾರು ಮೂರಕ್ಕೊಂದು ಇಂಥದೆಂದು ಕಂಡರು. ಗೋತ್ರವೋ ತಂದೆಯ ಕಡೆಯಿಂದ ಮಾತ್ರ ನಡೆಯುವುದು; ವಂಶವಾಹಿ ಇಬ್ಬರ ಕಡೆಯಿಂದಲೂ ಬರುವುದು. ತಂದೆತಾಯಿಗಳಿಬ್ಬರೂ ದೋಷವುಳ್ಳ ಒಂದೊಂದು ಪ್ರತಿಯನ್ನು ಹೊತ್ತಿದ್ದು ತಾವು ಆರೋಗ್ಯವಾಗಿಯೇ ಇರಬಹುದು. ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸಂಬಂಧವಿಲ್ಲದವರಲ್ಲಿಯೂ ಹೀಗಾಗಬಹುದು, ಸಂಬಂಧವಿದ್ದರೆ ಒಂದೇ ದೋಷ ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ಇದನ್ನು ಕೇಳಿ ನಮ್ಮ ತಂಗಿ, “ನನ್ನಿಂದಲೇ ಬಂದಿತೇ ಅಣ್ಣ?” ಎಂದು ಅತ್ತಳು. ನಿನ್ನಿಂದಲ್ಲ, ನಿನ್ನ ಗಂಡನಿಂದಲೂ ಅಲ್ಲ, ನಿಮ್ಮಿಬ್ಬರಿಗೂ ಅಜ್ಜನೋ ಅಜ್ಜಿಯೋ ಆದವರೊಬ್ಬರಿಂದ ಬಂದಿರಬಹುದು, ಅವರಿಗೂ ಅದು ತಿಳಿದಿರಲಿಲ್ಲ ಎಂದು ಹೇಳಿದೆವು. ನಮ್ಮ ಹೆಂಡತಿ ಮನಸ್ಸಿನಲ್ಲಿಟ್ಟುಕೊಂಡಿದ್ದ ಇನ್ನೊಂದು ಸೋದರಿಕೆಯ ಸಂಬಂಧದ ಮಾತು ಅಂದಿನಿಂದ ಮನೆಯಲ್ಲಿ ಎದ್ದಿಲ್ಲ.

ಆ ಹುಡುಗನಿಗೆ ತಂಗಿಯೊಬ್ಬಳಿದ್ದಾಳೆ, 22 ವರ್ಷ. ಬೇಕಾದರೆ ಅವಳಿಗೂ ಪರೀಕ್ಷೆ ಮಾಡಬಹುದು, ಆದರೆ ಮೊದಲು ಅದರ ಫಲಾಫಲಗಳನ್ನು ಕುಳಿತು ಮಾತನಾಡಿ ಅವಳೇ ತೀರ್ಮಾನಿಸಬೇಕು, ಅವಸರವಿಲ್ಲ ಎಂದು ವೈದ್ಯರು ಹೇಳಿದರು. ಅವಳ ತಾಯಿಗೆ ಮಾತ್ರ ಅವಸರ. ಅವಳು ಅಡಿಗೆಮನೆಯಿಂದ ನಡುಮನೆಗೆ ಬಂದರೂ ತಾಯಿಯ ಕಣ್ಣು ಪಾದಗಳ ಮೇಲೆಯೇ. ಒಂದು ಸಂಜೆ ದೇವರ ದೀಪ ಹಚ್ಚಲು ಹೊರಟವಳನ್ನು ತಡೆದು, ಹಿಮ್ಮಡಿಯ ಮೇಲೆ ನಡೆದು ತೋರಿಸೆಂದಳು. ಹುಡುಗಿ ನಡೆದು ತೋರಿಸಿದಳು, ಸರಾಗವಾಗಿಯೇ. ಆಮೇಲೆ ನಮ್ಮ ಕಡೆಗೆ ತಿರುಗಿ, “ಮಾವ, ನನ್ನ ಎಂ.ಎಸ್ಸಿ. ಪರೀಕ್ಷೆ ಏಪ್ರಿಲಿಗೆ ಮುಗಿಯುತ್ತದೆ. ಆಮೇಲೆ ನಾನೇ ಡಾಕ್ಟರ ಹತ್ತಿರ ಹೋಗಿ ಮಾತನಾಡುತ್ತೇನೆ. ಅಲ್ಲಿಯವರೆಗೆ ನನ್ನ ಕಾಲನ್ನು ಯಾರೂ ನೋಡಬಾರದು ಅಂತ ಅಮ್ಮನಿಗೆ ಹೇಳಿ” ಎಂದಳು. ನಾವು ಹಾಗೆಯೇ ಹೇಳಿದೆವು. ತಂಗಿ ನೋಡುವುದನ್ನು ಬಿಟ್ಟಿಲ್ಲ. ನೋಡುವಾಗ ಈಗ ಹೂ ಕಟ್ಟುವ ನೆವ ಮಾಡಿಕೊಂಡಿರುತ್ತಾಳೆ.